ಹಳೆ ಗೇಮ್ ಹೊಸ ವಿಂಡೋಸ್‌ನಲ್ಲಿ ಏಳುತ್ತಿಲ್ಲವೇ? ದೋಷ ಹುಡುಕುವ ದಾರಿ

ಹಳೆ ಗೇಮ್ ಓಡುತ್ತಿಲ್ಲ ಅಂದ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಐಕಾನ್ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಟ್ಯಾಬ್, ಆಮೇಲೆ ಅಲ್ಲಿ ಕಂಡ ಚೌಕಗಳಿಗೆಲ್ಲ ಟಿಕ್. ವಿಂಡೋಸ್ 95 ಮೋಡ್, 256 ಬಣ್ಣ, 640×480, ಅಡ್ಮಿನಿಸ್ಟ್ರೇಟರ್, ಎಲ್ಲವೂ ಒಟ್ಟಿಗೆ. ಒಮ್ಮೊಮ್ಮೆ ಅದೃಷ್ಟಕ್ಕೆ ಓಡಿಬಿಡುತ್ತದೆ. ಜಾಸ್ತಿ ಸಲ ಮೊದಲಿದ್ದ ತೊಂದರೆಯ ಮೇಲೆ ಇನ್ನೊಂದು ಬಂದು ಕೂರುತ್ತದೆ, ಯಾವುದು ಗೇಮಿನದು, ಯಾವುದು ನಾವು ತಂದು ಹಾಕಿಕೊಂಡದ್ದು ಅಂತ ಗೊತ್ತಾಗುವುದೇ ಇಲ್ಲ.

ಆ ಟ್ಯಾಬನ್ನು ಸದ್ಯಕ್ಕೆ ಮರೆತುಬಿಡಿ. ಗೇಮ್ ಎಲ್ಲಿ ನಿಂತಿತು ಅಂತ ಮೊದಲು ನೋಡಿ. ಇನ್‌ಸ್ಟಾಲ್ ಆಗುವಾಗಲೇ ನಿಂತಿತಾ? ಕ್ಲಿಕ್ ಮಾಡಿದ ಮೇಲೆ ಸದ್ದಿಲ್ಲದೆ ಸತ್ತಿತಾ? ಸಿಡಿ ಕೇಳಿತಾ? ತೆರೆದುಕೊಂಡು ಬಣ್ಣ ಕೆಟ್ಟಿತಾ? ಅಥವಾ ಎಲ್ಲ ಸರಿಯಿದ್ದು ವೇಗ ಮಾತ್ರ ಹುಚ್ಚು ಹಿಡಿದ ಹಾಗಿದೆಯಾ? ಒಂದೊಂದಕ್ಕೂ ಕಾರಣ ಬೇರೆ. ಸಲಕ್ಕೆ ಒಂದೇ ಬದಲಾವಣೆ ಮಾಡಿ ಓಡಿಸಿ ನೋಡಿ. ಪ್ರಯೋಜನ ಆಗಲಿಲ್ಲ ಅಂದರೆ ಆ ಬದಲಾವಣೆಯನ್ನು ವಾಪಸ್ ತೆಗೆದು ಮುಂದಕ್ಕೆ ಹೋಗಿ. ಬೇಜಾರಿನ ಕೆಲಸ, ನಿಜ. ಆದರೆ ಕೊನೆಗೆ ಇದೇ ಬೇಗ ಮುಗಿಯುತ್ತದೆ.

ಇಲ್ಲಿ ಹೇಳುವುದೆಲ್ಲ ವಿಂಡೋಸ್ 10 ಮತ್ತು 11ಕ್ಕೆ. ಗೇಮುಗಳು ಸುಮಾರು 1990ರಿಂದ 2006ರವರೆಗಿನವು. ಶಾಲೆಯ ಕಂಪ್ಯೂಟರ್ ಲ್ಯಾಬಿನ ಡೇವ್ ಮತ್ತು ಪ್ರಿನ್ಸ್‌ನಿಂದ ಹಿಡಿದು ರೋಡ್ ರ‍್ಯಾಶ್, ಏಜ್ ಆಫ್ ಎಂಪೈರ್ಸ್, ಜಿಟಿಎ ವೈಸ್ ಸಿಟಿ, ಕ್ರಿಕೆಟ್ 07 ತನಕ.

ಇನ್‌ಸ್ಟಾಲ್ ಮಾಡುವ ಮುಂಚೆ ಒಂದು ಮಾತು

ಪ್ರೋಗ್ರಾಂ ಫೈಲ್ಸ್ ಒಳಗೆ ಹಾಕಬೇಡಿ. ಸಿ ಅಥವಾ ಡಿ ಡ್ರೈವಿನಲ್ಲಿ ಗೇಮ್ಸ್ ಅಂತ ಒಂದು ಫೋಲ್ಡರ್ ಮಾಡಿ ಅಲ್ಲಿಗೆ ಹಾಕಿ. ವಿಂಡೋಸ್ ಎಕ್ಸ್‌ಪಿ ಕಾಲದವರೆಗೆ ಗೇಮುಗಳು ತಮ್ಮ ಸೇವ್ ಫೈಲನ್ನೂ ಸೆಟ್ಟಿಂಗನ್ನೂ ತಮ್ಮ ಫೋಲ್ಡರಿನಲ್ಲೇ ಬರೆದುಕೊಳ್ಳುತ್ತಿದ್ದವು. ವಿಸ್ತಾ ಬಂದ ಮೇಲೆ ಪ್ರೋಗ್ರಾಂ ಫೈಲ್ಸ್‌ಗೆ ಬರೆಯಲು ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕಾಯಿತು. ಹಳೆ ಪ್ರೋಗ್ರಾಂಗೆ ಇದೆಲ್ಲ ಗೊತ್ತಿಲ್ಲವಲ್ಲ, ಅದಕ್ಕೆ ವಿಂಡೋಸ್ ಒಂದು ಆಟ ಆಡುತ್ತದೆ. ಗೇಮ್ ಬರೆದ ಫೈಲನ್ನು ಸದ್ದಿಲ್ಲದೆ ಬೇರೆ ಕಡೆಗೆ ತಿರುಗಿಸುತ್ತದೆ. ನಿಮ್ಮ ಯೂಸರ್ ಫೋಲ್ಡರಿನ ಆ್ಯಪ್‌ಡೇಟಾ, ಅದರೊಳಗೆ ಲೋಕಲ್, ಅದರೊಳಗೆ ವರ್ಚುವಲ್‌ಸ್ಟೋರ್. ಗೇಮ್ ಮಾತ್ರ ತನ್ನ ಫೋಲ್ಡರಿಗೇ ಬರೆದೆ ಅಂದುಕೊಂಡಿರುತ್ತದೆ.

ಇದರಿಂದ ಎರಡು ವಿಚಿತ್ರ ತೊಂದರೆ ಬರುತ್ತದೆ. ಒಂದು, ನೀವು ಗೇಮ್ ಫೋಲ್ಡರಿನ ಸೆಟ್ಟಿಂಗ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ರೆಸಲ್ಯೂಶನ್ ಬದಲಿಸುತ್ತೀರಿ, ಸೇವ್ ಮಾಡುತ್ತೀರಿ, ಗೇಮ್ ಕ್ಯಾರೇ ಅನ್ನುವುದಿಲ್ಲ, ಯಾಕೆಂದರೆ ಅದು ಓದುತ್ತಿರುವುದು ವರ್ಚುವಲ್‌ಸ್ಟೋರ್ ಒಳಗಿನ ಪ್ರತಿಯನ್ನು. ಇನ್ನೊಂದು, ನಿನ್ನೆ ಸಾಧಾರಣವಾಗಿ ಓಡಿಸಿದ್ದ ಗೇಮನ್ನು ಇವತ್ತು ಯಾರದೋ ಸಲಹೆ ಕೇಳಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಮಾಡಿದರೆ ನಿನ್ನೆಯ ಸೇವ್ ಮಾಯ. ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದಾಗ ಆ ತಿರುಗಿಸುವ ಕೆಲಸ ನಡೆಯುವುದಿಲ್ಲ, ಗೇಮ್ ನಿಜವಾದ ಫೋಲ್ಡರನ್ನೇ ನೋಡುತ್ತದೆ, ಅಲ್ಲಿ ಏನೂ ಇರುವುದಿಲ್ಲ. ಸೇವ್ ಹೋಯಿತು ಅಂತ ಅಳುವ ಮುಂಚೆ ವರ್ಚುವಲ್‌ಸ್ಟೋರ್ ತೆರೆದು ನೋಡಿ.

ಇನ್‌ಸ್ಟಾಲರೇ ಏಳುತ್ತಿಲ್ಲ

"ದಿಸ್ ಆ್ಯಪ್ ಕಾಂಟ್ ರನ್ ಆನ್ ಯುವರ್ ಪಿಸಿ" ಅಂತ ನೀಲಿ ಪಟ್ಟಿ ಬಂದರೆ ನಿಮ್ಮ ಎದುರಿಗಿರುವುದು ಹೆಚ್ಚಾಗಿ 16 ಬಿಟ್ ಪ್ರೋಗ್ರಾಂ, ಅಂದರೆ ವಿಂಡೋಸ್ 95ಕ್ಕೂ ಮುಂಚಿನ ಕಾಲದ ಬಗೆಯದು. 64 ಬಿಟ್ ವಿಂಡೋಸ್‌ನಲ್ಲಿ 16 ಬಿಟ್ ಓಡಿಸುವ ಭಾಗವೇ ಇಲ್ಲ. ವಿಂಡೋಸ್ 10ಕ್ಕೆ 32 ಬಿಟ್ ಆವೃತ್ತಿ ಇತ್ತು, ಅದರಲ್ಲಿ ಆ ಭಾಗ ಇತ್ತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಬರಲಿಲ್ಲ. ಹಾಗಾಗಿ ಕಂಪ್ಯಾಟಿಬಿಲಿಟಿ ಟ್ಯಾಬ್‌ನಲ್ಲಿ ಎಷ್ಟು ಟಿಕ್ ಹಾಕಿದರೂ ಇಲ್ಲಿ ದಂಡ.

ಡಾಸ್ (ಕಮಾಂಡ್ ಟೈಪ್ ಮಾಡಿ ಓಡಿಸುತ್ತಿದ್ದ, ವಿಂಡೋಸ್‌ಗೂ ಮುಂಚಿನ ವ್ಯವಸ್ಥೆ) ಗೇಮ್ ಆದರೆ ಪರಿಹಾರ ಸುಲಭ: ಡಾಸ್‌ಬಾಕ್ಸ್. ಅದು ಡಾಸ್ ಇರುವ ಒಂದು ಹಳೆ ಕಂಪ್ಯೂಟರನ್ನೇ ನಿಮ್ಮ ವಿಂಡೋಸ್ ಒಳಗೆ ಅನುಕರಿಸುತ್ತದೆ. ಕಮಾಂಡ್ ಟೈಪ್ ಮಾಡಲು ಹೆದರುವವರು ಗೇಮಿನ ಮುಖ್ಯ ಫೈಲನ್ನು ಎಳೆದು ಡಾಸ್‌ಬಾಕ್ಸ್ ಐಕಾನ್ ಮೇಲೆ ಬಿಟ್ಟರೆ ಸಾಕು, ಆ ಫೋಲ್ಡರನ್ನೇ ಸಿ ಡ್ರೈವ್ ಮಾಡಿಕೊಂಡು ಗೇಮ್ ಶುರು ಆಗುತ್ತದೆ. 1990ರ ಡೇಂಜರಸ್ ಡೇವ್ ಹೀಗೆ ಒಂದೇ ಏಟಿಗೆ ಏಳುತ್ತದೆ. ಪ್ರಿನ್ಸ್ ಆಫ್ ಪರ್ಷಿಯಾ ಕೂಡ. ಆದರೆ ಲ್ಯಾಬಿನಲ್ಲಿ ಎಲ್ಲರೂ ಮಾಡುತ್ತಿದ್ದಂತೆ ಗೇಮ್ ಹೆಸರಿನ ಮುಂದೆ ಮೆಗಾಹಿಟ್ ಸೇರಿಸಿ ಮೋಸದ ಆಟ ಆಡಬೇಕು ಅಂದರೆ ಎಳೆದು ಬಿಟ್ಟರೆ ಆಗದು. ಗೇಮ್ ಒಳಗೆ ಕಂಟ್ರೋಲ್ ಮತ್ತು ಕ್ಯೂ ಒತ್ತಿ ಹೊರಗೆ ಬನ್ನಿ, ಅಲ್ಲಿ ಸಿ ಡ್ರೈವಿನ ಕಪ್ಪು ಪರದೆ ಸಿಗುತ್ತದೆ, ಅಲ್ಲಿ ಪ್ರಿನ್ಸ್ ಮೆಗಾಹಿಟ್ ಅಂತ ಟೈಪ್ ಮಾಡಿ.

ಡಾಸ್ ಗೇಮ್ ತುಂಬಾ ಜೋರಾಗಿ ಓಡಿದರೆ ಕಂಟ್ರೋಲ್ ಜೊತೆ ಎಫ್11 ಒತ್ತುತ್ತಾ ನಿಧಾನ ಮಾಡಿ, ಎಳೆದಾಡಿದರೆ ಕಂಟ್ರೋಲ್ ಜೊತೆ ಎಫ್12. ಮೌಸ್ ಒಳಗೆ ಸಿಕ್ಕಿಹಾಕಿಕೊಂಡರೆ ಕಂಟ್ರೋಲ್ ಜೊತೆ ಎಫ್10. ಫುಲ್ ಸ್ಕ್ರೀನಿಗೆ ಆಲ್ಟ್ ಮತ್ತು ಎಂಟರ್. ಇಷ್ಟು ಗೊತ್ತಿದ್ದರೆ ಡಾಸ್ ಗೇಮುಗಳ ಅಧ್ಯಾಯ ಬಹುಪಾಲು ಮುಗಿಯಿತು. ಹಾಗೆ ನೋಡಿದರೆ 1992ರ ಗೇಮ್ ಓಡಿಸುವುದು 2002ರ ಗೇಮ್ ಓಡಿಸುವುದಕ್ಕಿಂತ ಎಷ್ಟೋ ಸಲೀಸು.

ಕಷ್ಟ ಇರುವುದು 1995ರಿಂದ 2000ದ ನಡುವಿನ ವಿಂಡೋಸ್ ಗೇಮುಗಳಲ್ಲಿ. ಇವುಗಳಲ್ಲಿ ಎಷ್ಟೋ ಗೇಮ್ 32 ಬಿಟ್ ಆಗಿದ್ದು, ಅದನ್ನು ಹಾಕುವ ಸೆಟಪ್ ಮಾತ್ರ 16 ಬಿಟ್ ಆಗಿರುತ್ತದೆ. ಅಂದರೆ ಗೇಮ್ ನಿಮ್ಮ ಕಂಪ್ಯೂಟರಿನಲ್ಲಿ ಓಡಬಲ್ಲದು, ಬಾಗಿಲು ದಾಟಿ ಒಳಗೆ ಬರಲು ಆಗುತ್ತಿಲ್ಲ ಅಷ್ಟೇ. ಕೆಲವು ಪ್ರಸಿದ್ಧ ಹಳೆ ಇನ್‌ಸ್ಟಾಲ್‌ಶೀಲ್ಡ್ ಸೆಟಪ್‌ಗಳನ್ನು ವಿಂಡೋಸ್ ಗುರುತಿಸಿ, ತಾನೇ 32 ಬಿಟ್ ಆವೃತ್ತಿಗೆ ಬದಲಿಸಿಕೊಳ್ಳುತ್ತದೆ. ಆ ಅದೃಷ್ಟ ಇಲ್ಲದಿದ್ದರೆ ವೈನ್‌ವಿಡಿಎಂ ಅಂತ ಒಂದು ಪುಟ್ಟ ಉಚಿತ ಪ್ರೋಗ್ರಾಂ ಇದೆ, ಅದು 64 ಬಿಟ್ ವಿಂಡೋಸ್‌ನಲ್ಲೇ 16 ಬಿಟ್ ವಿಂಡೋಸ್ ಪ್ರೋಗ್ರಾಂ ಓಡಿಸುತ್ತದೆ. ಸೆಟಪ್ ಫೈಲನ್ನು ಅದರ ಮೇಲೆ ಎಳೆದು ಬಿಡಿ. ಅದೂ ಆಗದಿದ್ದರೆ ವರ್ಚುವಲ್ ಮಷೀನಿನಲ್ಲಿ (ನಿಮ್ಮ ಕಂಪ್ಯೂಟರಿನ ಒಳಗೇ ಓಡುವ ಇನ್ನೊಂದು ನಕಲಿ ಕಂಪ್ಯೂಟರ್) 32 ಬಿಟ್ ಎಕ್ಸ್‌ಪಿ ಹಾಕಿ, ಅಲ್ಲಿ ಗೇಮ್ ಇನ್‌ಸ್ಟಾಲ್ ಮಾಡಿ, ಇಡೀ ಫೋಲ್ಡರನ್ನು ಈಚೆಗೆ ನಕಲು ಮಾಡಿಕೊಳ್ಳಿ. ಬರೀ ಫೋಲ್ಡರ್ ತಂದರೆ ಕೆಲವು ಗೇಮ್ "ನಾನು ಇನ್‌ಸ್ಟಾಲ್ ಆಗಿಲ್ಲ" ಅಂತ ಹಠ ಹಿಡಿಯುತ್ತವೆ. ಆಗ ಅಲ್ಲಿನ ರಿಜಿಸ್ಟ್ರಿಯಿಂದ (ವಿಂಡೋಸ್ ತನ್ನ ಮತ್ತು ಪ್ರೋಗ್ರಾಂಗಳ ಸೆಟ್ಟಿಂಗ್ ಇಡುವ ಜಾಗ) ಆ ಗೇಮಿನ ಕೀಗಳನ್ನೂ ಎಕ್ಸ್‌ಪೋರ್ಟ್ ಮಾಡಿ ತರಬೇಕು. ತಂದು ಹಾಕುವಾಗ ಒಂದು ಎಚ್ಚರ: 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಪ್ರೋಗ್ರಾಂಗಳು ಓದುವ ಜಾಗ ಸಾಫ್ಟ್‌ವೇರ್ ಕೀ ಒಳಗಿನ ವಾವ್6432ನೋಡ್. ಅದರ ಹೊರಗೆ ಹಾಕಿದರೆ ಗೇಮಿನ ಕಣ್ಣಿಗೆ ಬೀಳುವುದಿಲ್ಲ.

ಇನ್ನು "ಡಿಸ್ಕ್‌ನಲ್ಲಿ ಜಾಗ ಸಾಲದು" ಅನ್ನುವ ಇನ್‌ಸ್ಟಾಲರ್‌ಗಳಿವೆ. ನಿಮ್ಮಲ್ಲಿ 400 ಜಿಬಿ ಖಾಲಿ ಇರುತ್ತದೆ, ಅದು 300 ಎಂಬಿ ಇಲ್ಲ ಅನ್ನುತ್ತದೆ. ಹಳೆ ಲೆಕ್ಕದ ಡಬ್ಬಿಯಲ್ಲಿ ಅಷ್ಟು ದೊಡ್ಡ ಸಂಖ್ಯೆ ಹಿಡಿಯದೆ ಉಕ್ಕಿ, ಮೈನಸ್ ಆಗಿ ಕಾಣುತ್ತಿರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 2 ಜಿಬಿಗಿಂತ ಚಿಕ್ಕದೊಂದು ವರ್ಚುವಲ್ ಡಿಸ್ಕ್ ಮಾಡಿ ಅದರಲ್ಲಿ ಹಾಕಿ.

ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ

ಕರ್ಸರ್ ಒಂದು ಸುತ್ತು ತಿರುಗುತ್ತದೆ, ನಿಲ್ಲುತ್ತದೆ, ಅಷ್ಟೇ. ಸುಮ್ನೆ ಮತ್ತೆ ಮತ್ತೆ ಡಬಲ್ ಕ್ಲಿಕ್ ಮಾಡಬೇಡಿ. ಸ್ಟಾರ್ಟ್ ಮೆನುವಿನಲ್ಲಿ ಇವೆಂಟ್ ವ್ಯೂವರ್ ಹುಡುಕಿ ತೆರೆಯಿರಿ. ಎಡಗಡೆ ವಿಂಡೋಸ್ ಲಾಗ್ಸ್, ಅದರಲ್ಲಿ ಅಪ್ಲಿಕೇಶನ್. ಈಗಷ್ಟೇ ಬಂದ ಕೆಂಪು ಗುರುತಿನ ಎರರ್, ಇವೆಂಟ್ ಐಡಿ 1000, ಅದನ್ನು ತೆರೆಯಿರಿ. ಒಳಗೆ ಎರಡು ಸಾಲು ಮುಖ್ಯ: ಫಾಲ್ಟಿಂಗ್ ಮಾಡ್ಯೂಲ್ ಅಂದರೆ ಯಾವ ಫೈಲಿನೊಳಗೆ ಸತ್ತಿತು, ಮತ್ತು ಎಕ್ಸೆಪ್ಷನ್ ಕೋಡ್ ಅಂದರೆ ಹೇಗೆ ಸತ್ತಿತು.

ಮಾಡ್ಯೂಲ್ ಹೆಸರಲ್ಲಿ ಡಿಡ್ರಾ ಅಥವಾ ಡಿ3ಡಿ ಇದ್ದರೆ ಗ್ರಾಫಿಕ್ಸ್ ಕಡೆ ಹೋಗಿ. ನಿಮ್ಮ ಗ್ರಾಫಿಕ್ಸ್ ಕಾರ್ಡಿನ ಓಪನ್‌ಜಿಎಲ್ ಡ್ರೈವರ್ ಹೆಸರಿದ್ದರೆ ಕೆಳಗೆ ಕ್ವೇಕ್ ಬಗ್ಗೆ ಹೇಳಿದ್ದನ್ನು ಓದಿ. ಐಆರ್50 ಅಥವಾ ಐಆರ್41 ಅಂತಿದ್ದರೆ ಅದು ಇಂಡಿಯೋ ಅನ್ನುವ ಹಳೆ ವಿಡಿಯೊ ಕೋಡೆಕ್ (ವಿಡಿಯೊ ಬಿಚ್ಚಿ ತೋರಿಸುವ ಭಾಗ), ಗೇಮ್ ತನ್ನ ಶುರುವಿನ ಸಿನಿಮಾ ತೋರಿಸಲು ಹೋಗಿ ಬಿದ್ದಿದೆ. ಆ ವಿಡಿಯೊ ಫೈಲಿನ ಹೆಸರು ಬದಲಿಸಿ ಪ್ರಯತ್ನಿಸಿ, ಎಷ್ಟೋ ಗೇಮ್ ಸಿನಿಮಾ ಸಿಗಲಿಲ್ಲ ಅಂತ ಸೀದಾ ಮೆನುವಿಗೆ ಹೋಗುತ್ತವೆ. ಎನ್‌ಟಿಡಿಎಲ್ಎಲ್ ಅಂತಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ, ಯಾರ ತಪ್ಪಾದರೂ ಕೊನೆಗೆ ಅಲ್ಲಿ ಬಂದು ಬೀಳುತ್ತದೆ.

ಕೋಡಿನ ಕೊನೆ 0005 ಆಗಿದ್ದರೆ ಗೇಮ್ ತನ್ನದಲ್ಲದ ಮೆಮೊರಿಗೆ ಕೈ ಹಾಕಿದೆ. ಲಾಗ್‌ನಲ್ಲೋ, ತೆರೆಯ ಮೇಲಿನ ಎರರ್ ಡಬ್ಬಿಯಲ್ಲೋ ಕೊನೆ 0135 ಅಂತಿದ್ದರೆ ಯಾವುದೋ ಡಿಎಲ್ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಸಹಾಯಕ ಫೈಲ್) ಸಿಕ್ಕಿಲ್ಲ. 007ಬಿ ಅಂತಿದ್ದರೆ ಡಿಎಲ್ಎಲ್ ಸಿಕ್ಕಿದೆ, ಆದರೆ 32 ಬಿಟ್ ಗೇಮಿಗೆ 64 ಬಿಟ್ ಫೈಲ್ ಸಿಕ್ಕಿದೆ. ಈ ಕೊನೆಯದು ಹೆಚ್ಚಾಗಿ ಆಗುವುದು ಯಾವುದೋ ಸೈಟಿನಿಂದ ಒಂದೊಂದೇ ಡಿಎಲ್ಎಲ್ ಇಳಿಸಿ ಸಿಸ್ಟಂ ಫೋಲ್ಡರಿಗೆ ತುರುಕಿದವರಿಗೆ. ಆ ಸೈಟುಗಳ ಸಹವಾಸ ಬೇಡ.

2005ರಿಂದ ಈಚಿನ ಗೇಮುಗಳು ಕೇಳುವ ಡಿಎಲ್ಎಲ್ ಸಾಮಾನ್ಯವಾಗಿ ಡಿ3ಡಿಎಕ್ಸ್9 ಕುಟುಂಬದ್ದು, 24ರಿಂದ 43ರವರೆಗೆ ನಂಬರ್ ಇರುವವು. ವಿಂಡೋಸ್ 11ರಲ್ಲಿ ಗೇಮುಗಳ ಗ್ರಾಫಿಕ್ಸ್ ನೋಡಿಕೊಳ್ಳುವ ಡೈರೆಕ್ಟ್‌ಎಕ್ಸ್ 12 ಇದ್ದರೂ ಇವು ಅದರ ಜೊತೆ ಬರುವುದಿಲ್ಲ. ಮೈಕ್ರೋಸಾಫ್ಟ್‌ನ ಜೂನ್ 2010ರ ಡೈರೆಕ್ಟ್‌ಎಕ್ಸ್ ಎಂಡ್ ಯೂಸರ್ ರನ್‌ಟೈಮ್ ಹಾಕಿದರೆ ಎಲ್ಲವೂ ಒಟ್ಟಿಗೆ ಬರುತ್ತವೆ. ಇದರಲ್ಲಿ ಒಂದು ಕಡೆ ತುಂಬಾ ಜನ ಮುಗ್ಗರಿಸುತ್ತಾರೆ. ಇಳಿಸಿದ ಫೈಲನ್ನು ಓಡಿಸಿದರೆ ಅದು ಬರೀ ಒಂದು ಫೋಲ್ಡರ್ ಕೇಳಿ, ನೂರಕ್ಕೂ ಹೆಚ್ಚು ಕ್ಯಾಬ್ ಫೈಲುಗಳನ್ನು ಅಲ್ಲಿ ಬಿಚ್ಚಿಟ್ಟು, ಸದ್ದಿಲ್ಲದೆ ಮುಚ್ಚಿಕೊಳ್ಳುತ್ತದೆ. ಆಯಿತು ಅಂದುಕೊಂಡು ಗೇಮ್ ತೆರೆದರೆ ಮತ್ತೆ ಅದೇ ಎರರ್. ಇನ್‌ಸ್ಟಾಲ್ ಇನ್ನೂ ಆಗೇ ಇಲ್ಲ! ಬಿಚ್ಚಿದ ಫೋಲ್ಡರಿನೊಳಗೆ ಡಿಎಕ್ಸ್‌ಸೆಟಪ್ ಅಂತ ಇದೆ, ಅದನ್ನು ಓಡಿಸಬೇಕು.

ವಿಷುಯಲ್ ಸಿ++ ರನ್‌ಟೈಮ್ ಕೇಳಿದರೆ ನಿಮ್ಮ ವಿಂಡೋಸ್ 64 ಬಿಟ್ ಆದರೂ 32 ಬಿಟ್ ಆವೃತ್ತಿಯನ್ನು ಹಾಕಿ, ಯಾಕೆಂದರೆ ಗೇಮ್ 32 ಬಿಟ್. ಲ್ಯಾನ್‌ನಲ್ಲಿ ಆಡಬಲ್ಲ ಎಷ್ಟೋ ಹಳೆ ಗೇಮುಗಳಿಗೆ ಡೈರೆಕ್ಟ್‌ಪ್ಲೇ ಬೇಕು, ಒಬ್ಬರೇ ಆಡಿದರೂ ಕೆಲವು ಅದಿಲ್ಲದೆ ಏಳುವುದಿಲ್ಲ. ಅದು ವಿಂಡೋಸ್‌ನಲ್ಲೇ ಇದೆ, ಮಲಗಿಸಿಟ್ಟಿದ್ದಾರೆ. ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್ ತೆರೆದು ಲೆಗಸಿ ಕಾಂಪೊನೆಂಟ್ಸ್ ಒಳಗೆ ಟಿಕ್ ಹಾಕಿ.

ಸಿಡಿ ಒಳಗಿದ್ದರೂ ಸಿಡಿ ಹಾಕು ಅನ್ನುತ್ತದೆ

ಇಲ್ಲಿ ನಿಮ್ಮದೂ ತಪ್ಪಿಲ್ಲ, ಡ್ರೈವಿನದೂ ತಪ್ಪಿಲ್ಲ. ಸಿಡಿಯನ್ನು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದು ನೋಡಿ. 00000001 ಅನ್ನುವ ಹೆಸರಿನ ಟಿಎಂಪಿ ಫೈಲ್ ಕಂಡರೆ ಅದು ಸೇಫ್‌ಡಿಸ್ಕ್ ಇರುವ ಗೇಮ್. ಸಿಡಿ ಅಸಲಿಯೋ ನಕಲಿಯೋ ಅಂತ ಪರೀಕ್ಷಿಸಲು 2000ದ ಆಸುಪಾಸಿನಲ್ಲಿ ರಾಶಿ ರಾಶಿ ಗೇಮುಗಳಿಗೆ ಹಾಕಿದ ಬೀಗ ಇದು. ಕೆಲಸ ಮಾಡುತ್ತಿದ್ದುದು ಸೆಕ್‌ಡ್ರೈವ್ ಅನ್ನುವ ಒಂದು ಡ್ರೈವರ್ ಮೂಲಕ, ಅದೂ ವಿಂಡೋಸ್‌ನ ಕರ್ನಲ್ (ಇಡೀ ಕಂಪ್ಯೂಟರ್ ಆಳುವ ತಿರುಳು) ಒಳಗೆ ಕೂತು. ಒಂದು ಗೇಮಿನ ಬೀಗಕ್ಕೆ ಅಷ್ಟು ಅಧಿಕಾರ ಕೊಟ್ಟರೆ ಅದರಲ್ಲಿರುವ ತೂತು ಇಡೀ ಕಂಪ್ಯೂಟರಿನ ತೂತಾಗುತ್ತದೆ. ಆಗಿದ್ದೂ ಅದೇ. 2015ರಲ್ಲಿ ವಿಂಡೋಸ್ 10 ಬಂದಾಗ ಈ ಡ್ರೈವರಿಗೆ ಬೆಂಬಲ ನಿಂತಿತು, ಅದೇ ಸೆಪ್ಟೆಂಬರಿನ ಭದ್ರತಾ ಅಪ್‌ಡೇಟ್ ವಿಸ್ತಾದಿಂದ 8.1ರವರೆಗೂ ಅದನ್ನು ಆಫ್ ಮಾಡಿತು. ದುಡ್ಡು ಕೊಟ್ಟು ಅಸಲಿ ಸಿಡಿ ತಂದವರೇ ಸಿಕ್ಕಿಬಿದ್ದದ್ದು, ಪೈರೇಟೆಡ್ ಸಿಡಿಯವರಿಗೆ ಏನೂ ಆಗಲಿಲ್ಲ. ಇದರಷ್ಟು ಸಿಟ್ಟು ತರಿಸುವ ವಿಷಯ ಈ ಹವ್ಯಾಸದಲ್ಲಿ ಇನ್ನೊಂದಿಲ್ಲ.

ಗುರುತು ಹೀಗೆ: ಒಂದೋ ಸಿಡಿ ಹಾಕು ಅನ್ನುತ್ತದೆ, ಇಲ್ಲವೇ ಟಾಸ್ಕ್ ಮ್ಯಾನೇಜರಿನಲ್ಲಿ ಗೇಮಿನ ಹೆಸರು ಕಂಡು, ತೆರೆ ಮೇಲೆ ಏನೂ ಬರದೆ, ಎರರ್ ಕೂಡ ಇಲ್ಲದೆ ಕೂತಿರುತ್ತದೆ. ಆ ಡ್ರೈವರನ್ನು ಎಲ್ಲಿಂದಲೋ ತಂದು, ಡ್ರೈವರ್ ಸಹಿ ತಪಾಸಣೆ ಆಫ್ ಮಾಡಿ ಹಾಕಿ ಅಂತ ಹೇಳುವವರಿದ್ದಾರೆ. ಬ್ಯಾಂಕ್ ಕೆಲಸವನ್ನೂ ಮಾಡುವ ಕಂಪ್ಯೂಟರಿನಲ್ಲಿ ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಆ ಗೇಮಿಗೆ ಕಂಪನಿಯೇ ಬಿಟ್ಟ ಕೊನೆಯ ಪ್ಯಾಚ್ ನೋಡಿ, ಕೆಲವು ಕಂಪನಿಗಳು ಅದರಲ್ಲಿ ಸಿಡಿ ತಪಾಸಣೆಯನ್ನೇ ತೆಗೆದುಹಾಕಿವೆ. ಇಲ್ಲದಿದ್ದರೆ ಜಿಒಜಿಯಂಥ ಆನ್‌ಲೈನ್ ಅಂಗಡಿಯಲ್ಲಿ ಬೀಗ ಇಲ್ಲದ ಆವೃತ್ತಿ ಕಡಿಮೆ ಬೆಲೆಗೆ ಸಿಗುತ್ತದಾ ನೋಡಿ. ಮನೆಯಲ್ಲಿ ಸಿಡಿ ಇದ್ದೂ ಮತ್ತೆ ದುಡ್ಡು ಕೊಡುವುದು ಅಂದರೆ ಮನಸ್ಸಿಗೆ ಬರುವುದಿಲ್ಲ, ಆದರೆ ಅರ್ಧ ದಿನದ ತಲೆನೋವು ಉಳಿಯುತ್ತದೆ.

ಬಣ್ಣ ಕೆಟ್ಟಿದೆ, ಅಥವಾ ತೆರೆ ಕಪ್ಪು

1997ರ ಏಜ್ ಆಫ್ ಎಂಪೈರ್ಸ್, 1998ರ ಸ್ಟಾರ್‌ಕ್ರಾಫ್ಟ್, 1999ರ ಏಜ್ ಆಫ್ ಎಂಪೈರ್ಸ್ 2 ಆಡಿದವರಿಗೆ ಇದು ಗೊತ್ತು. ಹುಲ್ಲು ನೇರಳೆ, ನೀರು ಕೆಂಪು. ಗ್ರಾಫಿಕ್ಸ್ ಕಾರ್ಡ್ ಹೋಯಿತು ಅಂತ ಗಾಬರಿಪಟ್ಟವರೂ ಇದ್ದಾರೆ.

ಆ ಗೇಮುಗಳು 8 ಬಿಟ್ ಬಣ್ಣದವು. ಪ್ರತಿ ಚುಕ್ಕೆಗೂ ಇದು ಇಂಥ ಹಸಿರು ಅಂತ ಬರೆದಿರುವುದಿಲ್ಲ, 0ರಿಂದ 255ರ ನಡುವಿನ ಒಂದು ನಂಬರ್ ಇರುತ್ತದೆ. ಯಾವ ನಂಬರಿಗೆ ಯಾವ ಬಣ್ಣ ಅನ್ನುವುದು ಬೇರೆ ಒಂದು ಪಟ್ಟಿಯಲ್ಲಿದೆ, ಅದಕ್ಕೆ ಪ್ಯಾಲೆಟ್ ಅನ್ನುತ್ತಾರೆ. ಗೇಮ್ ಹುಲ್ಲಿಗೆ ಒಂದು ನಂಬರ್ ಕೊಟ್ಟಿರುತ್ತದೆ. ಅಷ್ಟರಲ್ಲಿ ಹಿಂದೆ ಓಡುತ್ತಿರುವ ವಿಂಡೋಸ್ ಎಕ್ಸ್‌ಪ್ಲೋರರ್, ಅಂದರೆ ನಿಮ್ಮ ಡೆಸ್ಕ್‌ಟಾಪ್ ಮತ್ತು ಟಾಸ್ಕ್‌ಬಾರ್, ಆ ಪಟ್ಟಿಯ ಕೆಲವು ಸಾಲುಗಳನ್ನು ತನಗೆ ಬೇಕಾದ ಹಾಗೆ ತಿದ್ದಿಬಿಡುತ್ತದೆ. ನಂಬರ್ ಅದೇ, ಪಟ್ಟಿಯಲ್ಲಿನ ಬಣ್ಣ ಬೇರೆ. ಅದಕ್ಕೇ ಆಕಾರಗಳೆಲ್ಲ ಸರಿಯಾಗೇ ಇದ್ದು ಬಣ್ಣ ಮಾತ್ರ ಕೆಟ್ಟಿರುತ್ತದೆ. ಹಾಗೆ ಕಂಡರೆ ಇದು ಪ್ಯಾಲೆಟ್ ದೋಷ, ಬೇರೆ ಏನೂ ಹುಡುಕಬೇಡಿ. ವಿಂಡೋಸ್ 7 ಕಾಲದಲ್ಲಿ ಎಕ್ಸ್‌ಪ್ಲೋರರನ್ನೇ ಕೊಂದು ಗೇಮ್ ಆಡಿ, ಆಮೇಲೆ ಅದನ್ನು ಮತ್ತೆ ಎಬ್ಬಿಸುವ ಪುಟ್ಟ ಬ್ಯಾಚ್ ಫೈಲ್ ಎಲ್ಲರ ಹತ್ತಿರ ಇರುತ್ತಿತ್ತು. ವಿಂಡೋಸ್ 8ರಿಂದ ಈಚೆಗೆ ನಿಜವಾದ 256 ಬಣ್ಣದ ಮೋಡೇ ಇಲ್ಲ, ವಿಂಡೋಸ್ ಇದ್ದ ಹಾಗೆ ನಟಿಸುತ್ತದೆ. ಆ ನಟನೆ ಕೆಲವು ಗೇಮಿಗೆ ಸಾಕು, ಕೆಲವಕ್ಕೆ ಸಾಲದು.

ಇವತ್ತಿನ ಸರಿಯಾದ ಮದ್ದು, ಗೇಮಿಗೂ ವಿಂಡೋಸ್‌ಗೂ ನಡುವೆ ಕೂತು ಅನುವಾದ ಮಾಡುವ ರ‍್ಯಾಪರ್. 2ಡಿ ಗೇಮಾದರೆ ಸಿಎನ್‌ಸಿ-ಡಿಡ್ರಾ. ಮಾಡಬೇಕಾದ್ದು ಇಷ್ಟೇ: ಇಳಿಸಿದ ಜಿಪ್‌ನಲ್ಲಿರುವ ಫೈಲುಗಳನ್ನೆಲ್ಲ ಗೇಮಿನ ಮುಖ್ಯ ಫೈಲ್ ಇರುವ ಫೋಲ್ಡರಿಗೇ ಹಾಕಿ. ಗೇಮ್ "ಡಿಡ್ರಾ ಡಿಎಲ್ಎಲ್ ಎಲ್ಲಿ" ಅಂತ ಹುಡುಕುವಾಗ ವಿಂಡೋಸ್ ಮೊದಲು ಗೇಮಿನ ಸ್ವಂತ ಫೋಲ್ಡರ್ ನೋಡುತ್ತದೆ, ಅಲ್ಲಿ ಈ ಹೊಸದು ಸಿಗುತ್ತದೆ, ಅದು ಹಳೆ ಡೈರೆಕ್ಟ್‌ಡ್ರಾ ಮಾತನ್ನೆಲ್ಲ ಈಗಿನ ಗ್ರಾಫಿಕ್ಸ್ ಕಾರ್ಡಿಗೆ ತಿಳಿಯುವ ಹಾಗೆ ಹೇಳುತ್ತದೆ. ಪ್ಯಾಲೆಟ್ ಲೆಕ್ಕವನ್ನೂ ಅದೇ ಇಟ್ಟುಕೊಳ್ಳುತ್ತದೆ, ಎಕ್ಸ್‌ಪ್ಲೋರರಿಗೆ ಅಲ್ಲಿ ಕೈ ಹಾಕಲು ಆಗುವುದಿಲ್ಲ. ಸಿಸ್ಟಂ32 ಒಳಗಿನ ಡಿಎಲ್ಎಲ್ ಮುಟ್ಟಬೇಡಿ, ಅದರ ಅಗತ್ಯವೇ ಇಲ್ಲ.

3ಡಿ ಗೇಮಾದರೆ ಡಿಜಿವೂಡೂ 2. ಅದರ ಎಂಎಸ್ ಫೋಲ್ಡರ್, ಒಳಗೆ ಎಕ್ಸ್86 ಫೋಲ್ಡರ್, ಅಲ್ಲಿರುವ ಡಿಎಲ್ಎಲ್‌ಗಳನ್ನು ಗೇಮ್ ಫೋಲ್ಡರಿಗೆ ಹಾಕಿ, ಜೊತೆಗೆ ಅದರ ಕಂಟ್ರೋಲ್ ಪ್ಯಾನೆಲ್ ಫೈಲನ್ನೂ. 1997ರ ನೀಡ್ ಫಾರ್ ಸ್ಪೀಡ್ 2 ಎಸ್‌ಇ ಥರ 3ಡಿಎಫ್‌ಎಕ್ಸ್ ಕಾರ್ಡಿಗೆ ಬರೆದ ಗೇಮ್ ಆದರೆ 3ಡಿಎಫ್‌ಎಕ್ಸ್ ಫೋಲ್ಡರಿನ ಗ್ಲೈಡ್ ಡಿಎಲ್ಎಲ್ ಹಾಕಿ. ಆ ಕಂಪನಿ ಮುಚ್ಚಿ ಎರಡು ದಶಕ ಆದರೂ ಅದರ ಕಾರ್ಡಿನ ಆಟ ಇನ್ನೂ ಓಡುತ್ತದೆ, ಅದೊಂದು ಸೋಜಿಗ. ರ‍್ಯಾಪರ್ ನಿಜವಾಗಿ ಹತ್ತಿಕೊಂಡಿದೆಯಾ ಅಂತ ತಿಳಿಯಲು ಒಂದು ಗುರುತು ಇದೆ: ತೆರೆಯ ಮೂಲೆಯಲ್ಲಿ ಡಿಜಿವೂಡೂ ಲಾಂಛನ ಕಾಣುತ್ತದೆ. ಕಾಣದಿದ್ದರೆ ಫೈಲನ್ನು ತಪ್ಪು ಫೋಲ್ಡರಿಗೆ ಹಾಕಿದ್ದೀರಿ, ಅಥವಾ ಗೇಮ್ ಗ್ರಾಫಿಕ್ಸ್ ಕಾರ್ಡಿನ ಜೊತೆ ಮಾತಾಡಲು ಬೇರೆ ದಾರಿ (ಎಪಿಐ) ಬಳಸುತ್ತಿದೆ. ಕಂಡ ಮೇಲೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಆಫ್ ಮಾಡಬಹುದು, ಆದರೆ ಎಲ್ಲ ಸರಿ ಹೋಗುವ ತನಕ ಇರಲಿ.

ಮೌಸ್ ಬಾಣ ಒಂದು ಕಡೆ, ಕ್ಲಿಕ್ ಇನ್ನೊಂದು ಕಡೆ. ಅಥವಾ ಗೇಮಿನ ಬಲಭಾಗ ತೆರೆಯಿಂದ ಹೊರಗೆ. ಇದು ಲ್ಯಾಪ್‌ಟಾಪಿನ 125 ಅಥವಾ 150 ಶೇಕಡ ಡಿಸ್‌ಪ್ಲೇ ಸ್ಕೇಲಿಂಗ್‌ನ ಕೆಲಸ. ಕಂಪ್ಯಾಟಿಬಿಲಿಟಿ ಟ್ಯಾಬ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿ: ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್ ಒತ್ತಿ, ಓವರ್‌ರೈಡ್‌ಗೆ ಟಿಕ್ ಹಾಕಿ, ಕೆಳಗೆ ಅಪ್ಲಿಕೇಶನ್ ಆರಿಸಿ.

ಕ್ವೇಕ್ ಎಂಜಿನ್ನಿನ ಹಳೆ ಓಪನ್‌ಜಿಎಲ್ ಗೇಮುಗಳದು ಬೇರೆ ಕಥೆ. ರಿಟರ್ನ್ ಟು ಕ್ಯಾಸಲ್ ವೂಲ್ಫೆನ್‌ಸ್ಟೈನ್, ಮೆಡಲ್ ಆಫ್ ಆನರ್ ಅಲೈಡ್ ಅಸಾಲ್ಟ್ ಇವೆಲ್ಲ ಶುರುವಾದಾಗ "ನಿನಗೆ ಏನೇನು ಬರುತ್ತೆ" ಅಂತ ಗ್ರಾಫಿಕ್ಸ್ ಡ್ರೈವರನ್ನು ಕೇಳುತ್ತವೆ. ಆಗಿನ ಕಾರ್ಡುಗಳ ಉತ್ತರ ಚಿಕ್ಕದು. ಈಗಿನ ಕಾರ್ಡ್ ಪುಟಗಟ್ಟಲೆ ಪಟ್ಟಿ ಒಪ್ಪಿಸುತ್ತದೆ, ಅದನ್ನು ಹಿಡಿಯಲು ಇಟ್ಟ ಜಾಗ ಸಾಲದೆ ಗೇಮ್ ಅಲ್ಲೇ ಬೀಳುತ್ತದೆ. ಎನ್‌ವಿಡಿಯಾ ಕಾರ್ಡಿದ್ದರೆ ಎಕ್ಸ್‌ಟೆನ್ಶನ್ ಲಿಮಿಟ್ ಅನ್ನುವ ಸೆಟ್ಟಿಂಗ್ ಆನ್ ಮಾಡಿ, ಇಲ್ಲದಿದ್ದರೆ ಆ ಗೇಮಿನ ಓಪನ್ ಸೋರ್ಸ್ ಎಂಜಿನ್ ಹಾಕಿಕೊಳ್ಳಿ.

ಬಾಣದ ಹಾಗೆ ಓಡುತ್ತದೆ

ಹಳೆ ಗೇಮುಗಳಲ್ಲಿ ಎಷ್ಟೋ ಪಾಲು ಸಮಯವನ್ನು ಫ್ರೇಮ್ (ತೆರೆಗೆ ಬಿಡಿಸುವ ಒಂದೊಂದು ಚಿತ್ರ) ಲೆಕ್ಕದಲ್ಲಿ ಅಳೆಯುತ್ತವೆ. ಫ್ರೇಮ್ ಜಾಸ್ತಿ ಆದರೆ ಪ್ರಪಂಚವೇ ಜೋರಾಗುತ್ತದೆ. ವಿ-ಸಿಂಕ್ (ಫ್ರೇಮನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಆನ್ ಮಾಡಿ ಸುಮ್ಮನಾಗುತ್ತಿದ್ದ ಕಾಲ ಹೋಯಿತು, ಈಗಿನ ಎಷ್ಟೋ ಮಾನಿಟರ್ 144 ಹರ್ಟ್ಜ್ ಇರುತ್ತವೆ, ವಿ-ಸಿಂಕ್ ಇದ್ದರೂ 144 ಫ್ರೇಮ್ ಬರುತ್ತದೆ. ಗ್ರಾಫಿಕ್ಸ್ ಡ್ರೈವರಿನ ಸೆಟ್ಟಿಂಗ್‌ನಲ್ಲಿ ಆ ಗೇಮಿಗೆ ಮಾತ್ರ 60 ಅಥವಾ 30ರ ಮಿತಿ ಹಾಕಿ. ಸಿಎನ್‌ಸಿ-ಡಿಡ್ರಾ ಹಾಕಿದ್ದರೆ ಅದರ ಸೆಟ್ಟಿಂಗ್ ಫೈಲಿನಲ್ಲೇ ಫ್ರೇಮ್ ಮಿತಿ ಮತ್ತು ಗೇಮ್ ಟಿಕ್ ಮಿತಿ ಎರಡೂ ಬೇರೆ ಬೇರೆ ಇವೆ. ಜಿಟಿಎ ಸ್ಯಾನ್ ಆ್ಯಂಡ್ರಿಯಾಸ್‌ನಲ್ಲಿ ಚೆನ್ನಾಗಿ ಕಾಣಲಿ ಅಂತ ಫ್ರೇಮ್ ಲಿಮಿಟರ್ ಆಫ್ ಮಾಡಿದರೆ ನಾಯಕ ಸಿಜೆ ನೀರಲ್ಲಿ ಈಜಿದಷ್ಟೂ ಮುಂದೆ ಹೋಗುವುದಿಲ್ಲ. ಕೀಬೋರ್ಡ್ ಕೆಟ್ಟಿಲ್ಲ, ಲಿಮಿಟರ್ ವಾಪಸ್ ಆನ್ ಮಾಡಿ.

ಜೋರೂ ಅಲ್ಲ, ನಿಧಾನವೂ ಅಲ್ಲ, ಜಗ್ಗಿ ಜಗ್ಗಿ ಓಡುತ್ತದೆ ಅಂದರೆ ಹೆಚ್ಚಾಗಿ ಪ್ರೊಸೆಸರಿನಲ್ಲಿ ಒಂದಕ್ಕಿಂತ ಹೆಚ್ಚು ಕೋರ್ ಇರುವುದು ಅದಕ್ಕೆ ಹಿಡಿಸುತ್ತಿಲ್ಲ. ಗೇಮ್ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್‌ನಲ್ಲಿ ಅದರ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಟ್ ಅಫಿನಿಟಿಯಲ್ಲಿ ಒಂದೇ ಕೋರ್ ಬಿಟ್ಟು ಉಳಿದ ಟಿಕ್ ತೆಗೆಯಿರಿ.

ಸದ್ದು ಇದೆ, ಹಾಡು ಇಲ್ಲ

ಗುಂಡಿನ ಸದ್ದು ಕೇಳುತ್ತದೆ, ಹಿನ್ನೆಲೆ ಸಂಗೀತ ಇಲ್ಲ ಅಂದರೆ ಆ ಸಂಗೀತ ಫೈಲಾಗಿ ಇರಲೇ ಇಲ್ಲ, ಸಿಡಿಯಲ್ಲಿ ಆಡಿಯೊ ಟ್ರ್ಯಾಕ್ ಆಗಿತ್ತು. 1996ರ ಕ್ವೇಕ್ ಹಾಗೇ. ಸಿಡಿಯನ್ನು ಐಎಸ್ಒ (ಸಿಡಿಯ ನಕಲನ್ನು ಒಂದೇ ಫೈಲಾಗಿ ಇಡುವ ರೂಪ) ಮಾಡಿ ಇಟ್ಟುಕೊಂಡವರು ಇಲ್ಲೇ ಸಿಕ್ಕಿಬೀಳುತ್ತಾರೆ, ಯಾಕೆಂದರೆ ಐಎಸ್ಒ ಒಳಗೆ ಆಡಿಯೊ ಟ್ರ್ಯಾಕ್ ಕೂರುವುದಿಲ್ಲ. ಬಿನ್ ಮತ್ತು ಕ್ಯೂ ಜೋಡಿಯಾಗಿ ಇಮೇಜ್ ತೆಗೆಯಿರಿ. ಡಾಸ್‌ಬಾಕ್ಸ್ ಕ್ಯೂ ಫೈಲನ್ನು ಓದಿ ಹಾಡನ್ನೂ ನುಡಿಸುತ್ತದೆ. ಲ್ಯಾಪ್‌ಟಾಪಿನಲ್ಲಿ ಡ್ರೈವ್ ಇಲ್ಲದವರಿಗೆ ಯುಎಸ್‌ಬಿ ಡಿವಿಡಿ ಡ್ರೈವ್ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಈಗಲೂ ಸಿಗುತ್ತದೆ.

ಇಎಎಕ್ಸ್ (ಸುತ್ತಲ ಸದ್ದಿನ ಹಳೆ ಸೌಲಭ್ಯ) ಆನ್ ಮಾಡಿದರೆ ಸದ್ದೇ ಹೋಗುತ್ತದೆ ಅಂದರೆ ಆಫ್ ಮಾಡಿ. ಸೌಂಡ್ ಕಾರ್ಡಿನ ಜೊತೆ ನೇರವಾಗಿ ಮಾತಾಡುವ ಆ ದಾರಿಯನ್ನು ವಿಸ್ತಾ ಮುಚ್ಚಿತು.

ನಿನ್ನೆವರೆಗೆ ಓಡುತ್ತಿತ್ತು, ಅಪ್‌ಡೇಟ್ ಆದ ಮೇಲೆ ಕೆಟ್ಟಿತು

ಇಂಥ ಸಂದರ್ಭದಲ್ಲಿ ಎಲ್ಲರೂ ಬೈಯುವುದು ವಿಂಡೋಸನ್ನು. ಒಂದು ನಿಜವಾದ ಪ್ರಕರಣ ಹೇಳುತ್ತೇನೆ. ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ 2005ರ ಸ್ಯಾನ್ ಆ್ಯಂಡ್ರಿಯಾಸ್‌ನಲ್ಲಿ ಸ್ಕಿಮ್ಮರ್ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನ ಕಾಣೆಯಾಯಿತು. ಅದು ನಿಲ್ಲುತ್ತಿದ್ದ ಜಾಗ ಖಾಲಿ. ಹಠ ಹಿಡಿದು ಚೀಟ್ ಪ್ರೋಗ್ರಾಂನಿಂದ ಅದನ್ನು ತರಿಸಿಕೊಂಡರೆ ಸಿಜೆಯನ್ನು ಲೆಕ್ಕವೇ ಇಲ್ಲದಷ್ಟು ಎತ್ತರಕ್ಕೆ ಎಸೆಯುತ್ತಿತ್ತು. ಬೇರೆಲ್ಲ ಸರಿ, ಇದೊಂದೇ ವಿಮಾನ ಕೆಟ್ಟದ್ದು.

ಹಳೆ ಜಿಟಿಎ ಗೇಮುಗಳ ದೋಷ ತಿದ್ದುವ ಸೈಲೆಂಟ್‌ಪ್ಯಾಚ್ ಬರೆಯುವ ಡೆವಲಪರ್ ಇದರ ಬೆನ್ನು ಹತ್ತಿ, 2025ರ ಏಪ್ರಿಲ್‌ನಲ್ಲಿ ಕಾರಣ ಬರೆದರು. ಗೇಮಿನ ಎಲ್ಲ ವಾಹನಗಳ ವಿವರ ಒಂದು ಸಾಮಾನ್ಯ ಟೆಕ್ಸ್ಟ್ ಫೈಲಿನಲ್ಲಿದೆ, ಒಂದು ವಾಹನಕ್ಕೆ ಒಂದು ಸಾಲು. ಬೇರೆ ವಿಮಾನಗಳ ಸಾಲಿನ ಕೊನೆಗೆ ಚಕ್ರದ ಅಳತೆ ಇದೆ, ಸ್ಕಿಮ್ಮರ್ ಸಾಲಿನಲ್ಲಿ ಇಲ್ಲ. ಹಿಂದಿನ ವೈಸ್ ಸಿಟಿಯಲ್ಲಿ ಅದನ್ನು ದೋಣಿ ಅಂತ ಲೆಕ್ಕ ಹಾಕಿದ್ದರು, ದೋಣಿಗೆ ಚಕ್ರ ಬೇಡವಲ್ಲ. ಇಲ್ಲಿ ವಿಮಾನ ಮಾಡಿದಾಗ ಆ ನಂಬರ್ ಸೇರಿಸುವುದನ್ನು ಮರೆತಿದ್ದಾರೆ. ಸಾಲಿನಲ್ಲಿ ಇಲ್ಲದ ನಂಬರನ್ನು ಗೇಮ್ ಓದಲು ಹೋದಾಗ ಮೆಮೊರಿಯ ಆ ಜಾಗದಲ್ಲಿ ಹಿಂದಿನ ವಾಹನ ಓದಿದಾಗ ಉಳಿದ ಬೆಲೆಯೇ ಸಿಗುತ್ತಿತ್ತು. ಹಿಂದಿನದು ಟಾಪ್‌ಫನ್ ಅನ್ನುವ ವ್ಯಾನ್. ಹೀಗೆ ಎರಡು ದಶಕದ ಹತ್ತಿರ ಒಂದು ವಿಮಾನ ವ್ಯಾನಿನ ಚಕ್ರದ ಅಳತೆಯಲ್ಲಿ ಹಾರಾಡಿತು, ಯಾರಿಗೂ ತಿಳಿಯಲಿಲ್ಲ! 24ಎಚ್2ರಲ್ಲಿ ವಿಂಡೋಸ್ ತನ್ನ ಒಳಗಿನ ಒಂದು ಕೆಲಸಕ್ಕೆ ಸ್ಟ್ಯಾಕ್ ಅನ್ನುವ ತಾತ್ಕಾಲಿಕ ಮೆಮೊರಿಯ ಸ್ವಲ್ಪ ಜಾಸ್ತಿ ಜಾಗ ಬಳಸಲು ಶುರು ಮಾಡಿತು. ಅದಕ್ಕೆ ಆ ಹಕ್ಕಿದೆ. ಉಳಿದಿದ್ದ ಹಳೆ ಬೆಲೆ ಅಳಿಸಿಹೋಗಿ ಕಸ ಬಂದು ಕೂತಿತು. ಆ ಸಾಲಿಗೆ ಕೊರತೆಯಿದ್ದ ನಾಲ್ಕು ಬೆಲೆ ಸೇರಿಸಿದರೆ ವಿಮಾನ ವಾಪಸ್, ಸೈಲೆಂಟ್‌ಪ್ಯಾಚ್ ಹಾಕಿದರೂ ಸರಿ.

ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಅಪ್‌ಡೇಟ್ ತೆಗೆಯುವ ಮುಂಚೆ ಆ ಗೇಮಿನ ಅಭಿಮಾನಿ ಪ್ಯಾಚ್ ಇದೆಯಾ ನೋಡಿ ಅನ್ನುವುದು ಇದಕ್ಕೇ. ಪಿಸಿಗೇಮಿಂಗ್‌ವಿಕಿಯಲ್ಲಿ ಬಹುತೇಕ ಪ್ರತಿ ಗೇಮಿಗೂ ಒಂದು ಪುಟ ಇರುತ್ತದೆ, ಗೊತ್ತಿರುವ ದೋಷ, ಪ್ಯಾಚ್ ಎಲ್ಲ ಅಲ್ಲೇ ಇವೆ. ಇನ್ನು ವೈಸ್ ಸಿಟಿಯೋ ಸ್ಯಾನ್ ಆ್ಯಂಡ್ರಿಯಾಸೋ ಶುರುವಿನಲ್ಲೇ ಬಿದ್ದರೆ, ಅಥವಾ ಮೌಸ್ ಅಲ್ಲಾಡದಿದ್ದರೆ, ಡಾಕ್ಯುಮೆಂಟ್ಸ್ ಒಳಗಿನ ಆ ಗೇಮಿನ ಯೂಸರ್ ಫೈಲ್ಸ್ ಫೋಲ್ಡರಿನಲ್ಲಿರುವ ಸೆಟ್ ಫೈಲನ್ನು ಅಳಿಸಿ ನೋಡಿ. ಅದು ಬರೀ ಸೆಟ್ಟಿಂಗ್, ಸೇವ್ ಫೈಲುಗಳು ಬೇರೆ ಇವೆ, ಅವಕ್ಕೆ ಏನೂ ಆಗುವುದಿಲ್ಲ.

ಏನು ಮಾಡಿದರೂ ಆಗದಿದ್ದರೆ

ಲಿನಕ್ಸ್‌ನಲ್ಲಿ ವೈನ್ (ವಿಂಡೋಸ್ ಪ್ರೋಗ್ರಾಂಗಳನ್ನು ಅಲ್ಲಿ ಓಡಿಸುವ ಪ್ರೋಗ್ರಾಂ) ಹಾಕಿ ಪ್ರಯತ್ನಿಸಿ. ವಿಂಡೋಸ್ ಗೇಮನ್ನು ವಿಂಡೋಸ್‌ಗಿಂತ ಲಿನಕ್ಸ್ ಚೆನ್ನಾಗಿ ಓಡಿಸುತ್ತದೆ ಅಂದರೆ ನಗುತ್ತೀರಿ, ಆದರೆ 90ರ ದಶಕದ ಗೇಮುಗಳಲ್ಲಿ ಇದು ಆಗಾಗ ನಿಜ, 16 ಬಿಟ್ ಸೆಟಪ್ ಕೂಡ ಅಲ್ಲಿ ಏಳುತ್ತದೆ. ಓಪನ್ ಸೋರ್ಸ್ ಎಂಜಿನ್ ಇರುವ ಗೇಮಾದರೆ ಇಷ್ಟೆಲ್ಲ ಒದ್ದಾಡಲೇಬೇಡಿ: ಡೂಮ್‌ಗೆ ಜಿಝಡ್‌ಡೂಮ್, ರೋಲರ್‌ಕೋಸ್ಟರ್ ಟೈಕೂನ್ 2ಕ್ಕೆ ಓಪನ್‌ಆರ್‌ಸಿಟಿ2, ಹಳೆ ಪಾಯಿಂಟ್ ಆ್ಯಂಡ್ ಕ್ಲಿಕ್ ಗೇಮುಗಳಿಗೆ ಸ್ಕಮ್‌ವಿಎಂ. ನಿಮ್ಮ ಸಿಡಿಯ ಡೇಟಾ ಫೈಲುಗಳನ್ನು ಕೊಟ್ಟರೆ ಸಾಕು, ಉಳಿದದ್ದು ಅವೇ ನೋಡಿಕೊಳ್ಳುತ್ತವೆ.

ಕಟ್ಟಕಡೆಗೆ 86ಬಾಕ್ಸ್. ಇದು ಪೆಂಟಿಯಂ ಪ್ರೊಸೆಸರ್, ವೂಡೂ ಕಾರ್ಡ್, ಸೌಂಡ್‌ಬ್ಲಾಸ್ಟರ್ ಎಲ್ಲವನ್ನೂ ಒಂದೊಂದಾಗಿ ಅನುಕರಿಸುತ್ತದೆ, ಒಳಗೆ ನಿಜವಾದ ವಿಂಡೋಸ್ 98 ಹಾಕಬೇಕು, ಅದಕ್ಕೆ ಡ್ರೈವರ್ ಹಾಕಬೇಕು, ರೀಸ್ಟಾರ್ಟ್ ಮಾಡಬೇಕು, ಮತ್ತೆ ಡ್ರೈವರ್, ಮತ್ತೆ ರೀಸ್ಟಾರ್ಟ್. ಒಂದು ಭಾನುವಾರ ಪೂರ್ತಿ ಹೋಗುತ್ತದೆ, ನಿಮ್ಮ ಪ್ರೊಸೆಸರ್ ಕೂಡ ಗಟ್ಟಿಯಾಗಿರಬೇಕು. ಒಂದು ಸಲ ಸಿದ್ಧ ಮಾಡಿದ ಮೇಲೆ ಆ ಡಿಸ್ಕ್ ಇಮೇಜಿನ ಒಂದು ಪ್ರತಿ ತೆಗೆದಿಡಿ, ಮುಂದಿನ ಗೇಮಿಗೆ ಅದನ್ನೇ ನಕಲು ಮಾಡಿಕೊಂಡರೆ ಆಯಿತು.